ತಾಯಿಯ ಹೆಸರಿನ ಕಾಲಂ

ಫೆಬ್ರವರಿ ೧೧

ಅಪ್ಪನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಇನ್ನು ಮೇಲೆ 'ನಾವಿಬ್ಬರು' ಅಂದರೆ ನಾನು ಮತ್ತು ಅವಳು. ನಿನ್ನ ಅಳಿಯ ಆ ಲೆಕ್ಕಕ್ಕೆ ಬರುವುದಿಲ್ಲ. ಅವಳು ಹುಟ್ಟಿ ಇವತ್ತಿಗೆ ಒಂಬತ್ತು ದಿನ. ಮೂಗು ನಿನ್ನದೇ, ಪಾಪ. ಕಿವಿ ಮಾತ್ರ ನಿನ್ನ ಹಾಗಲ್ಲ, ಬಾಗಿಲು ಕಿರ್ ಅಂದರೂ ಬೆಚ್ಚುತ್ತಾಳೆ. ಫೋನ್ ಮಾಡಿದರೆ ನಿನಗೆ ಕೇಳುವುದಿಲ್ಲ, ನಿನಗೆ ಕೇಳುವಂತೆ ಕೂಗಿದರೆ ಕೆಳಗೆ ಲಾಂಡ್ರಿಯ ಬಾಯ್ಲರ್ ಹತ್ತಿರ ಇರುವವರಿಗೂ ಕೇಳುತ್ತದೆ. ಅದಕ್ಕೇ ಈ ಕಾಗದ.

ಹೆರಿಗೆಗೆ ಏನೂ ತೊಂದರೆಯಾಗಲಿಲ್ಲ. ಆಸ್ಪತ್ರೆಯ ಚಾದರ, ದಿಂಬಿನ ಚೀಲವೆಲ್ಲ ಒಗೆಯಲು ನಮ್ಮ ಲಾಂಡ್ರಿಗೇ ಬರುತ್ತವಲ್ಲ, ಭಾವನಿಗೆ ಅಲ್ಲಿ ಗೇಟಿನವನಿಂದ ದೊಡ್ಡ ಡಾಕ್ಟರವರೆಗೆ ಎಲ್ಲರ ಪರಿಚಯ. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಅವರೇ ಒಳಗೆ ಹೋಗಿ ಎಲ್ಲ ಬರೆಸಿ ಬಂದರು. ಒಂದು ತಮಾಷೆ ಕೇಳು. ಒಳಗೆ ನರ್ಸ್ ನನ್ನನ್ನು ಅಕ್ಕನ ಹೆಸರು ಹಿಡಿದು ಕರೆಯುತ್ತಿದ್ದರು. ಆ ನೋವಿನಲ್ಲಿ ಸರಿ ಮಾಡಲು ಯಾರಿಗೆ ಪುರಸೊತ್ತು? ಆಮೇಲೆ ಅಕ್ಕನಿಗೆ ಹೇಳಿದೆ, "ನೋವು ನನಗೆ, ಹೆಸರು ನಿಮಗೆ" ಅಂತ. ಅವರು ನಗಲಿಲ್ಲ. ಎದ್ದು ಬಿಸಿನೀರು ತರಲು ಹೋದರು.

ಅಕ್ಕ ಅಂದರೆ ಭಾವನ ಹೆಂಡತಿ, ನನ್ನ ಓರಗಿತ್ತಿ. ಮದುವೆಯಲ್ಲಿ ನೀನು ನೋಡಿದ್ದೀಯ. ಅವರಿಗೆ ಹನ್ನೊಂದು ವರ್ಷದಿಂದ ಮಕ್ಕಳಿಲ್ಲ. ಹೊಟ್ಟೆಕಿಚ್ಚು ಪಟ್ಟಾರೇನೋ ಅಂತ ನನಗೆ ಅಳುಕಿತ್ತು. ಅದರ ಸುಳಿವೇ ಇಲ್ಲ. ಮಗುವನ್ನು ಕೆಳಗೇ ಇಳಿಸುವುದಿಲ್ಲ. ಅತ್ತೆಯೂ ಹಾಗೇ, "ನೀನು ಮಲಗು, ನಾವಿದ್ದೀವಲ್ಲ" ಅನ್ನುತ್ತಾರೆ. ಮಲಗಿ ಮಲಗಿ ಬೆನ್ನು ನೋಯುತ್ತಿದೆ.

ನಿನ್ನ ಮಗಳು

*

ಫೆಬ್ರವರಿ ೧೬

ಮಗಳೇ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ, ಪಕ್ಕದ ಮನೆಯವರಿಗೂ ಓದಿ ಹೇಳಿದೆ. ಮೂಗಿನ ವಿಷಯ ಮಾತ್ರ ಬಿಟ್ಟೆ.

ಮೂವತ್ತೊಂದು ವರ್ಷ ಜನನ-ಮರಣ ವಿಭಾಗದಲ್ಲಿ ಕೂತವನು ನಾನು. ಮೊಮ್ಮಗಳು ಹುಟ್ಟಿದಳೆಂದರೆ ಮೊದಲು ಸಂತೋಷ, ಅದರ ಬೆನ್ನಿಗೇ ನೋಂದಣಿ ನೆನಪಾಗುತ್ತದೆ. ಇಪ್ಪತ್ತೊಂದು ದಿನದೊಳಗೆ ಆಗಬೇಕು. ಯಾರು ಬರೆಸಿದರು? ಪ್ರಮಾಣಪತ್ರ ಬಂತಾ? ಬಂದಿದ್ದರೆ ನಿನ್ನ ಕಣ್ಣಿಂದ ನೀನೇ ಓದು. ಹುಟ್ಟಿದ ದಿನ, ಲಿಂಗ, ತಂದೆಯ ಹೆಸರು, ತಾಯಿಯ ಹೆಸರು. ಇಷ್ಟೇ ಇರುವುದು, ಎರಡು ನಿಮಿಷದ ಕೆಲಸ. ಹುಟ್ಟಿನ ಪುಸ್ತಕದಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಸಾವಿನ ಪುಸ್ತಕದವರೆಗೂ ತಿದ್ದುತ್ತಾ ಹೋಗಬೇಕು ಅಂತ ನಮ್ಮ ಆಫೀಸಿನಲ್ಲಿ ಹೇಳುತ್ತಿದ್ದೆವು.

ಆ ನರ್ಸ್ ವಿಷಯ ನನಗೆ ತಮಾಷೆ ಅನ್ನಿಸಲಿಲ್ಲ. ಮುದುಕನ ಅನುಮಾನ ಅಂದುಕೋ. ಆದರೂ ನೋಡು.

ಅಪ್ಪ

*

ಮಾರ್ಚ್ ೪

ಅಪ್ಪನಿಗೆ,

ತಡವಾಯಿತು, ಬೈಯಬೇಡ. ಮೈಯಲ್ಲಿ ಶಕ್ತಿಯೇ ಇಲ್ಲ. ಅತ್ತೆ ಯಾವುದೋ ಮಾತ್ರೆ ತರಿಸಿದ್ದಾರೆ, ಬಾಣಂತಿಗೆ ಒಳ್ಳೆಯದಂತೆ. ತಗೊಂಡರೆ ತಲೆ ಸುತ್ತುತ್ತದೆ. ಹಾಲೂ ಕಮ್ಮಿಯಾಗುತ್ತಿದೆ. "ಕೆಲವರಿಗೆ ಹಾಗೇ, ಬಾಟಲಿಯಲ್ಲಿ ಬೆಳೆದ ಮಕ್ಕಳು ಬದುಕಿಲ್ವಾ?" ಅಂದರು ಅತ್ತೆ. ಆರೇಳು ದಿನದಿಂದ ಮಗು ಅಕ್ಕನ ಕೋಣೆಯಲ್ಲೇ ಮಲಗುತ್ತದೆ. ನನಗೆ ನಿದ್ದೆ ಬೇಕು ಅಂತ.

ನೋಂದಣಿಯನ್ನು ಭಾವ ಅವತ್ತೇ ಮಾಡಿಸಿದರಂತೆ. ಪತ್ರ ಎಲ್ಲಿ ಅಂತ ಅತ್ತೆಯನ್ನು ಕೇಳಿದೆ. ಕಬ್ಬಿಣದ ಬೀರುವಿನಲ್ಲಿದೆ ಅಂದರು. ಮಾರನೇ ದಿನ ಕೇಳಿದರೆ ಬೀಗದ ಕೈ ಭಾವನ ಹತ್ತಿರ ಇದೆ ಅಂದರು. ಮೂರನೇ ಸಲ ಕೇಳಿದಾಗ ಊಟದ ಮೇಜಿನಲ್ಲಿ ಎಲ್ಲರೂ ಇದ್ದರು. ಯಾರೂ ತಲೆ ಎತ್ತಲಿಲ್ಲ. ಇವರು, ನಿನ್ನ ಅಳಿಯ, ತಟ್ಟೆ ಎತ್ತಿಕೊಂಡು ಎದ್ದುಹೋದರು. ಆಮೇಲೆ ವ್ಯಾನ್ ಸ್ಟಾರ್ಟ್ ಆದ ಶಬ್ದ ಕೇಳಿತು. ಬಟ್ಟೆ ತಲುಪಿಸುವ ಹೊತ್ತು ಅದಲ್ಲ.

ಮೊನ್ನೆ ಲಸಿಕೆ ಹಾಕಿಸಲು ಅಕ್ಕ ಒಬ್ಬರೇ ಮಗುವನ್ನು ಕರೆದುಕೊಂಡು ಹೋದರು. ನಾನೂ ಬರುತ್ತೇನೆ ಅಂದೆ. "ಬಿಸಿಲಿದೆ" ಅಂದರು ಅತ್ತೆ. ಬಿಸಿಲು ಮಗುವಿಗಿಲ್ಲವಾ?

ನಿನ್ನ ಅನುಮಾನ ನನಗೂ ಅಂಟಿದೆ ನೋಡು.

ನಿನ್ನ ಮಗಳು

*

ಮಾರ್ಚ್ ೯

ಮಗಳೇ,

ಬೀರು ತೆರೆಯುವವರೆಗೆ ಕಾಯಬೇಡ. ನೋಂದಣಿ ಕಚೇರಿಗೆ ನೀನೇ ಹೋಗು. ಹುಟ್ಟಿದ ದಿನ, ಆಸ್ಪತ್ರೆ ಎರಡನ್ನೂ ಹೇಳಿದರೆ ಯಾರು ಬೇಕಾದರೂ ಪ್ರತಿ ಕೇಳಬಹುದು. ಹೋಗುವುದನ್ನು ಮನೆಯಲ್ಲಿ ಹೇಳಬೇಡ. ಆ ಮಾತ್ರೆ ನುಂಗಬೇಡ.

ಅಪ್ಪ

*

ಮಾರ್ಚ್ ೨೧

ಅಪ್ಪನಿಗೆ,

ಹೋಗಿದ್ದೆ. ಹೇಗೆ ಹೇಳಲಿ ಅಂತ ಗೊತ್ತಾಗದೆ ನಾಲ್ಕು ದಿನ ಪೆನ್ನು ಹಿಡಿಯಲಿಲ್ಲ.

ಮಧ್ಯಾಹ್ನ ಅತ್ತೆ ಮಲಗಿದ್ದಾಗ ಹಿಂದಿನ ಮೆಟ್ಟಿಲಿಳಿದು ಹೊರಟೆ. ಹೆರಿಗೆಯಾದ ಮೇಲೆ ಬೀದಿ ನೋಡಿದ್ದು ಅದೇ ಮೊದಲು. ಕಿಟಕಿಯಲ್ಲಿ ನಿನ್ನ ವಯಸ್ಸಿನವರೇ ಒಬ್ಬರು, ತೋಳಿಗೆ ಕರಿ ಬಟ್ಟೆಯ ಕವಚ ಹಾಕಿಕೊಂಡಿದ್ದರು. ಒಳ್ಳೆಯ ಮನುಷ್ಯ. ನನ್ನನ್ನು ನೋಡಿ ಮೊದಲು ಸ್ಟೂಲ್ ಕೊಡಿಸಿದರು.

"ತಾಯಿ ಹೆಸರು?" ಅಂದರು. ನನ್ನ ಹೆಸರು ಹೇಳಿದೆ. ಬೆರಳಿಟ್ಟು ಕೆಳಗಿನವರೆಗೂ ಹೋದರು.

"ಅವತ್ತು ಆ ಆಸ್ಪತ್ರೆಯಲ್ಲಿ ಏಳು ಮಕ್ಕಳು. ಹೆಣ್ಣು ಮೂರು. ನಿಮ್ಮ ಹೆಸರಿಲ್ಲಮ್ಮ."

"ತಂದೆ ಹೆಸರಲ್ಲಿ ನೋಡಿ" ಅಂತ ಇವರ ಹೆಸರು ಹೇಳಿದೆ.

"ಅದೂ ಇಲ್ಲ. ದಿನ ಸರಿಯಾಗಿ ಗೊತ್ತಲ್ಲ?"

ನನಗೆ ದಿನ ಗೊತ್ತಿಲ್ಲವೇ ಅಪ್ಪ? ಆಮೇಲೆ ಅಕ್ಕನ ಹೆಸರು ಹೇಳಿದೆ. ಬಾಯಿಂದ ತಾನಾಗಿ ಬಂತು. ಅವರ ಬೆರಳು ಮೂರನೇ ಸಾಲಿನಲ್ಲಿ ನಿಂತಿತು.

"ಹಾಂ, ಇಲ್ಲಿದೆ. ಹೆಣ್ಣು ಮಗು. ತಂದೆ ಇವರು, ತಾಯಿ ಇವರು. ತಾಯಿಯ ಸಹಿಯೂ ಆಗಿದೆ." ತೋರಿಸಿದ್ದು ಭಾವನ ಹೆಸರು, ಅಕ್ಕನ ಹೆಸರು. ಪ್ರತಿ ಬರೆದು, ಮೊಹರು ಒತ್ತಿ, ಕೈಗೆ ಕೊಟ್ಟು ಕೇಳಿದರು: "ತಾಯಿ ಮಗು ಚೆನ್ನಾಗಿದಾರಾ?"

"ಚೆನ್ನಾಗಿದಾರೆ" ಅಂದೆ.

ಸಂಜೆ ಇವರ ಮುಂದೆ ಆ ಕಾಗದ ಇಟ್ಟೆ. ಓದಲೇ ಇಲ್ಲ, ಅದರಲ್ಲಿ ಏನಿದೆಯೆಂದು ಗೊತ್ತಿದ್ದವರ ಹಾಗೆ. "ಅಣ್ಣನಿಗೆ ಮಾತು ಕೊಟ್ಟಿದ್ದೆ" ಅಂದರು. ನಾನು ಐದು ತಿಂಗಳ ಬಸುರಿಯಾಗಿದ್ದಾಗಲೇ. ತಂದೆ ಸತ್ತ ಮೇಲೆ ತನ್ನನ್ನು ಸಾಕಿದ್ದು ಅಣ್ಣ, ಅಮ್ಮ ಕಣ್ಣೀರು ಹಾಕಿದರು, ಹೇಗೆ ಇಲ್ಲ ಅನ್ನಲಿ ಅಂದರು. "ಕಾಗದದಲ್ಲಿ ತಾನೇ? ಮನೆ ಒಂದೇ, ಕಣ್ಣೆದುರಿಗೇ ಬೆಳೀತಾಳೆ. ನಮಗೆ ಇನ್ನೂ ಆಗುತ್ತವೆ."

ನಾನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತೇನೋ. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ಆ ಪ್ರತಿಯನ್ನು ತೆಗೆದು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹೆರಿಗೆಯಾದ ಮೇಲೆ ಒಬ್ಬೊಬ್ಬರಿಗೆ ತಲೆ ನಿಲ್ಲೋಲ್ಲ. ನಾಳೆ ಡಾಕ್ಟರನ್ನ ಕರೆಸು" ಅಂತ ಇವರಿಗೆ ಹೇಳಿದರು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ.

ಇನ್ನು ಈ ಮನೆಗೆ ಬರೆಯಬೇಡ. ಹರಿದ ಚಾದರಕ್ಕೆ ತೇಪೆ ಹಾಕಲು ಒಬ್ಬರು ಬರುತ್ತಾರೆ, ಹೊಲಿಗೆಯಮ್ಮ ಅಂತಲೇ ಎಲ್ಲರೂ ಕರೆಯುತ್ತೇವೆ. ಅವರ ವಿಳಾಸವನ್ನು ಹಿಂದೆ ಬರೆದಿದ್ದೇನೆ. ಈ ಕಾಗದ ಹಾಕುವವರೂ ಅವರೇ.

ನಿನ್ನ ಮಗಳು

*

ಮಾರ್ಚ್ ೨೬

ಮಗಳೇ,

ಮೊದಲು ಕೆಲಸದ ಮಾತು. ಯಾವುದಕ್ಕೂ ಸಹಿ ಹಾಕಬೇಡ. ಮಗುವನ್ನು ಎತ್ತಿಕೊಂಡು ಹೊರಟುಬಿಡುವ ಯೋಚನೆ ಬಂದಿರುತ್ತದೆ, ಬೇಡ. ಪುಸ್ತಕದ ಪ್ರಕಾರ ಈಗ ನೀನು ಆ ಮಗುವಿಗೆ ಏನೂ ಅಲ್ಲ. ಬಸ್ಸಿನಲ್ಲಿ ಹಿಡಿದರೆ ಮಕ್ಕಳ ಕಳ್ಳಿ ಅನ್ನುತ್ತಾರೆ. ನಾನು ಮಂಗಳವಾರ ಬರುತ್ತೇನೆ.

ಇನ್ನೊಂದು ಮಾತನ್ನು ಯಾರಿಗೂ ಹೇಳಿಲ್ಲ, ನಿನ್ನ ಅಮ್ಮನಿಗೂ ಹೇಳಿರಲಿಲ್ಲ. ನರ್ಸ್ ಹೆಸರು ತಪ್ಪಿ ಕರೆದಳು ಅಂತ ನೀನು ಬರೆದ ದಿನವೇ ನನಗೆ ಅನುಮಾನ ಬಂದಿತ್ತು. ಯಾಕೆಂದರೆ ಅದನ್ನು ಹೇಗೆ ಮಾಡುತ್ತಾರೆಂದು ನನಗೆ ಗೊತ್ತು. ಒಂದು ಸಲ ನಾನೇ ಮಾಡಿದ್ದೇನೆ.

ನಿನಗೆ ಆಗ ಏಳು ವರ್ಷ. ಒಂದು ಹಾಸ್ಟೆಲಿನಲ್ಲಿ ಅಡಿಗೆ ಮಾಡುವ ಹುಡುಗಿ, ಮದುವೆಯಾಗಿರಲಿಲ್ಲ. ಅವಳ ಮಗುವನ್ನು ನಮ್ಮ ಮೇಲಧಿಕಾರಿಯ ನೆಂಟರ ಹೆಸರಿಗೆ ಬರೆಯಬೇಕೆಂದು ಹೇಳಿಕಳಿಸಿದರು. ಯಾರೂ ನನಗೆ ಏನೂ ಕೊಡಲಿಲ್ಲ. ಮೇಲಿನವರು ಹೇಳಿದರು, ಕೈ ಬರೆಯಿತು. ಆಮೇಲೆ ಆ ಹುಡುಗಿ ಇಪ್ಪತ್ತಾರು ದಿನ ನನ್ನ ಕಿಟಕಿಗೆ ಬಂದಳು. ಅವಳಿಗೆ ನಾನು ಹೇಳುತ್ತಿದ್ದ ಮಾತು ಒಂದೇ: "ಪುಸ್ತಕದಲ್ಲಿ ಇಲ್ಲಮ್ಮ." ಅದು ನಿಜವೇ. ಇಲ್ಲದ ಹಾಗೆ ಮಾಡಿದವನು ನಾನು. ಇಪ್ಪತ್ತೇಳನೇ ದಿನ ಅವಳು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ನಾನು ವಿಚಾರಿಸಲೂ ಇಲ್ಲ, ಸದ್ಯ ಅಂತ ಚಹಾ ಕುಡಿಯಲು ಹೋದೆ.

ಇದನ್ನು ಓದಿ ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ನೋಡಬೇಡ. ಆದರೆ ನಾನು ಬರುತ್ತೇನೆ.

ಅಪ್ಪ

*

ಏಪ್ರಿಲ್ ೬

ಅಪ್ಪನಿಗೆ,

ನೀನು ಬಂದು ಹೋದೆ. ಎರಡು ಗಂಟೆ ನಡುಮನೆಯಲ್ಲಿ ಎದುರೆದುರು ಕೂತೆವು. ಒಂದು ಮಾತೂ ಆಡಲಿಲ್ಲ. ನಿನ್ನ ಕಿವಿಯಲ್ಲಿ ಗುಟ್ಟು ಹೇಳಲು ಈ ಜನ್ಮದಲ್ಲಿ ಆಗುವುದಿಲ್ಲ. ಹೇಳಿದರೆ ಕೂಗಿಯೇ ಹೇಳಬೇಕು. ಅದನ್ನು ತಿಳಿದೇ ಅವರು ಯಾರೂ ಎದ್ದುಹೋಗಲಿಲ್ಲ. ಅತ್ತೆ ಚಹಾದ ಮೇಲೆ ಚಹಾ ಕೊಟ್ಟರು. ಭಾವ ನಿನಗೆ ಸೋಪಿನ ಕಷ್ಟ, ನೀರಿನ ಕಷ್ಟ ಎಲ್ಲ ಹೇಳಿದರು. ನೀನು ಕೇಳಿಸಿದವನ ಹಾಗೆ ತಲೆಯಾಡಿಸಿದೆ. ಮಗುವನ್ನು ಅಕ್ಕ ತಂದು ನಿನ್ನ ತೊಡೆಯ ಮೇಲಿಟ್ಟಾಗ ನೀನು ಅವಳ ಮೂಗು ಮುಟ್ಟಿದೆಯಲ್ಲ, ಆಗ ನಾನು ಅಡಿಗೆಮನೆಗೆ ಹೋಗಿಬಿಟ್ಟೆ.

ಹೊರಡುವಾಗ ಅತ್ತೆ ನಿನ್ನ ಕಿವಿಗೆ ಬಾಯಿಟ್ಟು ಕೂಗಿದ್ದು ಬೀದಿಗೆಲ್ಲ ಕೇಳಿತು: "ನಿಮ್ಮ ಮಗಳಿಗೆ ಮನಸ್ಸು ಸರಿಯಿಲ್ಲ. ಮಗು ತನ್ನದು ಅಂತಾಳೆ." ಎದುರು ಮನೆಯ ಕಿಟಕಿಯಲ್ಲಿದ್ದವರು ನನ್ನ ತುಂಬಿದ ಹೊಟ್ಟೆ ಕಂಡವರು. ಕಿಟಕಿ ಹಾಕಿಕೊಂಡರು.

ನೀನು ಬರೆದ ಆ ಹುಡುಗಿಯ ವಿಷಯ ಓದಿದೆ. ನಿನ್ನ ಮುಖ ನೋಡಿದೆನಲ್ಲ, ಅದೇ ನನ್ನ ಉತ್ತರ. ಅದಕ್ಕಿಂತ ಹೆಚ್ಚು ಈಗ ಕೇಳಬೇಡ.

ಡಾಕ್ಟರು ಎರಡು ಸಲ ಬಂದು ಹೋದರು. ನನ್ನನ್ನು ಎಲ್ಲಿಗೋ ಸೇರಿಸುವ ಮಾತು ನಡೆದಿದೆ.

ನಿನ್ನ ಮಗಳು

*

ಏಪ್ರಿಲ್ ೧೪

ಹಿರಿಯರಿಗೆ,

ನಿಮ್ಮನ್ನು ಏನಂತ ಕರೆಯಬೇಕೋ ಗೊತ್ತಾಗಲಿಲ್ಲ. ನಿಮ್ಮ ಮಗಳು ನನ್ನನ್ನು ಅಕ್ಕ ಅನ್ನುತ್ತಾಳೆ, ಹಾಗಾದರೆ ನೀವು ನನಗೂ ಅಪ್ಪನೇ ಆಗಬೇಕು. ಹಾಗೆ ಕರೆಯುವ ಮುಖ ನನಗಿಲ್ಲ. ನಿಮ್ಮ ವಿಳಾಸವನ್ನು ಹೊಲಿಗೆಯಮ್ಮನಿಂದ ತಗೊಂಡೆ. ಹೆಚ್ಚು ಓದಿದವಳಲ್ಲ, ತಪ್ಪಿದ್ದರೆ ಕ್ಷಮಿಸಿ.

ಆ ಪುಸ್ತಕದಲ್ಲಿ ಸಹಿ ಹಾಕಿದವಳು ನಾನೇ. ಬಲವಂತ ಮಾಡಿದರು ಅಂತ ಬರೆಯಬಹುದು, ಮಾಡಿದರು ಕೂಡ. ಒಪ್ಪದಿದ್ದರೆ ಬೇರೆ ಮದುವೆ ಅಂದಿದ್ದರು. ಆದರೆ ಆಸೆ ನನಗೂ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹನ್ನೊಂದು ವರ್ಷ ಬೇರೆಯವರ ಮಕ್ಕಳ ಬಟ್ಟೆ ಇಸ್ತ್ರಿ ಮಾಡಿದ್ದೇನೆ.

ಮಾತ್ರೆಯನ್ನು ಅವಳಿಗೆ ಕೊಟ್ಟವಳೂ ನಾನೇ. ಶಕ್ತಿಗೆ ಅಂತ ಅತ್ತೆ ಹೇಳಿದ್ದರು. ಒಂದು ದಿನ ಖಾಲಿ ಡಬ್ಬಿ ತಗೊಂಡು ಅಂಗಡಿಗೆ ಹೋದಾಗ ಅಲ್ಲಿಯವನು ಕೇಳಿದ, "ಮಗು ಸತ್ತುಹೋಯಿತಾ?" ಅಂತ. ಅದು ಹಾಲು ನಿಲ್ಲಿಸುವ ಮಾತ್ರೆಯಂತೆ. ಮನೆಗೆ ಬಂದರೆ ಮಗು ನನ್ನ ಕೋಣೆಯಲ್ಲಿ ಅಳುತ್ತಿತ್ತು. ಅವಳು ಹೊರಗೆ ಗೋಡೆ ಹಿಡಿದು ನಿಂತಿದ್ದಳು, ಕುಪ್ಪಸದ ಮುಂಭಾಗ ಒದ್ದೆ. ನನ್ನನ್ನು ನೋಡಿ, "ಅಕ್ಕಾ, ಬಾಟಲಿ ತಣ್ಣಗಾಗಿದೆ, ಬಿಸಿ ಮಾಡಿಕೊಡಲಾ?" ಅಂದಳು. ಒಂದು ಬೈಗುಳ ಬೈದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲವೇನೋ.

ಈಗ ಹೊಸ ವಿಷಯ. ನಮ್ಮ ಯಜಮಾನರು ದೂರದ ಊರಲ್ಲಿ ಇನ್ನೊಂದು ಲಾಂಡ್ರಿ ಹಿಡಿದಿದ್ದಾರೆ. ಇಪ್ಪತ್ತೆಂಟನೇ ತಾರೀಕು ನನ್ನನ್ನೂ ಮಗುವನ್ನೂ ಕರೆದುಕೊಂಡು ಹೊರಡುತ್ತಾರೆ. ಅದೇ ವಾರ ಅವಳನ್ನು ಮನಸ್ಸಿನ ಆಸ್ಪತ್ರೆಗೆ ಸೇರಿಸುವುದು ಅಂತ ಅತ್ತೆ ಹೇಳುವುದನ್ನು ಕೇಳಿಸಿಕೊಂಡೆ.

ನೀವು ಆ ಕೆಲಸ ಮಾಡಿದವರಂತೆ. ನಾನು ಯಾರಿಗೆ, ಎಲ್ಲಿ, ಏನಂತ ಹೇಳಿದರೆ ಪುಸ್ತಕದಲ್ಲಿ ಬದಲಾಗುತ್ತದೆ? ಸುಮ್ಮನೆ ಹೇಳಿದರೆ ಸಾಕಾ, ಬರೆದುಕೊಡಬೇಕಾ? ಬೇಗ ತಿಳಿಸಿ.

ನಿಮ್ಮ ಮಗಳ ಓರಗಿತ್ತಿ

*

ಏಪ್ರಿಲ್ ೨೧

ಅಮ್ಮಾ,

ಬರೆದುಕೊಡಬೇಕು. ಒಕ್ಕಣೆಯನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ನಿಮ್ಮ ಕೈಯಲ್ಲೇ ನಕಲು ಮಾಡಿ. ಗುಮಾಸ್ತರ ಎದುರಿಗೇ ಸಹಿ ಹಾಕಿ, ಮೊದಲಿನ ಸಹಿಯ ಹಾಗೆಯೇ ಇರಲಿ. ಹೆರಿಗೆ ವಾರ್ಡಿನ ಆ ನರ್ಸ್ ಜೊತೆಗೆ ಬಂದರೆ ಒಳ್ಳೆಯದು. ಹೆತ್ತವಳ ಮುಖವನ್ನು ಯಾರಿಂದಲೂ ಬೇರೆ ಹೆಸರಿಗೆ ಬರೆಯಲು ಆಗುವುದಿಲ್ಲ. ಸ್ವೀಕೃತಿ ಚೀಟಿ ಕೈಗೆ ಬರುವವರೆಗೆ ಕಿಟಕಿ ಬಿಡಬೇಡಿ. ಆ ಚೀಟಿ ಇದ್ದರೆ ನನ್ನ ಮಗಳು ಮಗುವಿನ ಜೊತೆ ಪ್ರಯಾಣ ಮಾಡಬಹುದು.

ಇನ್ನು ಹೇಳಲೇಬೇಕಾದದ್ದು. ಹೀಗೆ ಬರೆದುಕೊಟ್ಟರೆ ಮೊದಲು ಸುಳ್ಳು ಸಹಿ ಹಾಕಿದ್ದೆನೆಂದು ನೀವೇ ಒಪ್ಪಿಕೊಂಡಂತೆ. ಅದು ಅಪರಾಧ. ನಿಮ್ಮ ಮನೆಯವರು ನಿಮ್ಮ ಪರ ನಿಲ್ಲುತ್ತಾರೆಂದು ನನಗೆ ಅನ್ನಿಸುವುದಿಲ್ಲ. ನನ್ನ ಮಗಳಿಗಾಗಿ ಈ ಮಾತನ್ನು ಮುಚ್ಚಿಡೋಣ ಅಂತ ಮೂರು ದಿನ ಯೋಚಿಸಿದೆ. ಕಾಗದ ತಡವಾಗಿದ್ದು ಅದಕ್ಕೇ. ಎಲ್ಲ ತಿಳಿದು, ಆಮೇಲೆ ನಿರ್ಧಾರ ಮಾಡಿ.

ಅಪ್ಪ ಅಂತಲೇ ಕರೆಯಿರಿ.

*

ಜುಲೈ ೯

ಅಕ್ಕನಿಗೆ,

ಈ ಕಾಗದವನ್ನು ವಕೀಲರ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿದ್ದ ಎರಡೂ ಜೈಲಿನಿಂದ ತೆರೆದು ವಾಪಸ್ ಬಂದವು. ಓದಿದ ಮೇಲೆ ಅವರಿಗೇ ಹಿಂದಕ್ಕೆ ಕೊಡಿ.

ಸೋಮವಾರ ತಿದ್ದಿದ ಪ್ರಮಾಣಪತ್ರ ಬಂತು. ತಾಯಿಯ ಕಾಲಂನಲ್ಲಿ ನನ್ನ ಹೆಸರಿದೆ. ಅಪ್ಪ ಭೂತಗನ್ನಡಿ ಹಿಡಿದು ಒಂದೊಂದು ಅಕ್ಷರ ನೋಡಿದ. ನಾನು ಖುಷಿಪಡಬೇಕಿತ್ತು. ಅದೇ ಅಂಚೆಯಲ್ಲಿ ನಿಮ್ಮ ಜಾಮೀನು ಮತ್ತೆ ತಿರಸ್ಕಾರವಾಯಿತು ಅಂತ ವಕೀಲರ ಚೀಟಿಯೂ ಇತ್ತು.

ಆ ದಿನವನ್ನೇ ನೆನೆಯುತ್ತಿರುತ್ತೇನೆ. ಲಸಿಕೆಗೆ ಅಂತ ನೀವು ಮಗುವನ್ನು ಎತ್ತಿಕೊಂಡು ಮುಂದೆ, ಹತ್ತು ಹೆಜ್ಜೆ ಬಿಟ್ಟು ನಾನು ಹಿಂದೆ. ನೋಂದಣಿ ಕಚೇರಿಯ ಕಿಟಕಿಯ ಹತ್ತಿರ ಆ ನರ್ಸ್ ನನ್ನ ಮುಖ ನೋಡಿದ್ದೇ ತಡ, "ಹೆತ್ತವರು ಇವರೇ" ಅಂದುಬಿಟ್ಟರು. ನೀವು ಬರೆದುಕೊಟ್ಟಿರಿ. ಸಹಿ ಹಾಕುವಾಗಲೂ ಮಗು ನಿಮ್ಮ ಎಡ ತೋಳಿನಲ್ಲೇ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಕೊಟ್ಟಿರಿ. ಬನ್ನಿ ಅಕ್ಕ, ನೀವೂ ಹತ್ತಿ ಅಂದೆ. "ಇಬ್ಬರೂ ಹೋದರೆ ಕದ್ದು ಓಡಿಹೋದರು ಅಂತಾರೆ. ಯಾರಾದರೂ ಒಬ್ಬರು ಇದ್ದು ಹೇಳಬೇಕಲ್ಲ" ಅಂದಿರಿ. ನಾನು ಯಾಕೆ ಕೈ ಹಿಡಿದು ಎಳೆಯಲಿಲ್ಲ? ಬಸ್ ಹೊರಟರೆ ಸಾಕಾಗಿತ್ತು ನನಗೆ, ನಿಜ ಹೇಳುತ್ತೇನೆ.

ಭಾವ ಕೊಟ್ಟ ಹೇಳಿಕೆಯ ಪ್ರತಿ ನೋಡಿದೆವು. ಹೆಂಡತಿ ಒಬ್ಬಳೇ ಆಸ್ಪತ್ರೆಯವರಿಗೆ ಮೋಸ ಮಾಡಿ ತನ್ನ ಹೆಸರು ಬರೆಸಿದಳು, ತನಗೂ ತಾಯಿಗೂ ಏನೂ ಗೊತ್ತಿರಲಿಲ್ಲ, ಮಗು ಕದಿಯುವುದೇ ಅವಳ ಉದ್ದೇಶವಾಗಿತ್ತು ಅಂತಿದೆ. ಅತ್ತೆ ಠಾಣೆಯಲ್ಲಿ ಅತ್ತರಂತೆ. ಸಾಕ್ಷಿಯ ಸಹಿ ಇವರದು, ನಿಮ್ಮ ಮೈದುನನದು. ನೋಂದಣಿ ಪುಸ್ತಕದಲ್ಲಿ ನಿಮ್ಮ ಒಬ್ಬರ ಸಹಿಯನ್ನೇ ಯಾಕೆ ಹಾಕಿಸಿದ್ದರು ಅಂತ ಈಗ ತಿಳಿಯುತ್ತದೆ.

ಹೋದ ವಾರ ಇವರು ಇಲ್ಲಿಗೆ, ಅಪ್ಪನ ಮನೆಗೆ ಬಂದಿದ್ದರು. "ಎಲ್ಲ ಸರಿಹೋಯಿತಲ್ಲ, ಮನೆಗೆ ಬಾ" ಅಂದರು. ಅಕ್ಕ? ಅಂದೆ. "ಅದು ಬೇರೆ ವಿಷಯ" ಅಂದರು. ಭಾವನಿಗೆ ಹೆಣ್ಣು ನೋಡುತ್ತಿದ್ದಾರೆ ಅಂತ ಹೊಲಿಗೆಯಮ್ಮ ಬರೆದಿದ್ದಾರೆ. ನಿಮ್ಮ ಕೋಣೆಗೆ ಸುಣ್ಣ ಹೊಡೆಸಿದರಂತೆ. ಇವರನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಮಗುವನ್ನು ಸ್ವಲ್ಪ ಹೊತ್ತು ನೋಡಿ ಹೋದರು. ಮತ್ತೆ ಬರುತ್ತಾರೆ, ಒಬ್ಬರೇ ಬರುವುದಿಲ್ಲ ಅನ್ನಿಸುತ್ತದೆ. ಅಪ್ಪ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದ್ದಾನೆ.

ಮುಂದಿನ ತಿಂಗಳು ಸಾಕ್ಷಿ ವಿಚಾರಣೆ. ನಾನು ಹೇಳುತ್ತೇನೆ, ನರ್ಸೂ ಹೇಳುತ್ತಾರೆ. ಅಪ್ಪನೂ ಹೇಳುತ್ತಾನಂತೆ, ತಾನು ಕೆಲಸದಲ್ಲಿದ್ದಾಗ ಬರೆದ ಒಂದು ಸುಳ್ಳನ್ನೂ ಸೇರಿಸಿ. ವಕೀಲರು ಬೇಡವೆಂದು ತಲೆ ಚಚ್ಚಿಕೊಂಡರು. ಅಪ್ಪನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದ ಹಾಗಿದ್ದ.

ನಿಮ್ಮನ್ನು ನೋಡಲು ಹೋದ ಶನಿವಾರವೇ ಬಂದಿದ್ದೆವು. ಓರಗಿತ್ತಿ ಅಂದಿದ್ದಕ್ಕೆ, ರಕ್ತಸಂಬಂಧಿಗಳಿಗೆ ಮಾತ್ರ ಅಂತ ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. ನಿನ್ನೆ ಮತ್ತೆ ಹೋದೆವು. ಕಿಟಕಿಯಲ್ಲಿ ಬೇರೆ ಗುಮಾಸ್ತೆ ಇದ್ದರು, ಹೊಸ ಅರ್ಜಿ ಕೊಟ್ಟರು. ಬೆಂಚಿನ ಮೇಲೆ ಕೂತು ತುಂಬಿಸಿದೆ. ಮಗು ಅಪ್ಪನ ಭುಜದ ಮೇಲೆ ನಿದ್ದೆ ಹೋಗಿತ್ತು. 'ಕೈದಿಗೆ ಏನಾಗಬೇಕು' ಅನ್ನುವ ಜಾಗ ಬಂತು. 'ಒಡಹುಟ್ಟಿದ ತಂಗಿ' ಅಂತ ಬರೆದೆ. ಹಾಗೆ ಬರೆದರೆ ಏನಾಗಬಹುದೆಂದು ಅಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಬಗ್ಗಿ ಓದಿದ. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ.

"ಶಾಯಿ ಒಣಗಲಿ, ಆಮೇಲೆ ಕೊಡು" ಅಂದ.

ಬರುವ ಶನಿವಾರ ಹನ್ನೊಂದು ಗಂಟೆಗೆ ಒಪ್ಪಿಗೆ ಸಿಕ್ಕಿದೆ. ಯಾರಾದರೂ ಕೇಳಿದರೆ ನೀವೂ ಅದನ್ನೇ ಹೇಳಿ.

ನಿಮ್ಮ ತಂಗಿ